ಸೂಚಕರು: ಆಂಜಿನಮ್ಮ

ಡೈರಿಯ ಕಿಟಕಿ ಮುಚ್ಚಿ ಕಾಲು ಗಂಟೆ ಕಳೆದ ಮೇಲೆ ಚಿಕ್ಕಮುನಿಯಮ್ಮ ಹಾಲಿನ ಕ್ಯಾನು ಹಿಡಿದು ಏದುಸಿರು ಬಿಡುತ್ತಾ ಬಂದಳು. ದ್ರಾಕ್ಷಿ ತೋಟದ ಕೂಲಿ ಮುಗಿಸಿ, ಮನೆಗೆ ಓಡಿ, ಹಸು ಕರೆದು ಬರುವಷ್ಟರಲ್ಲಿ ಅವಳಿಗೆ ಯಾವತ್ತೂ ಐದೂಮುಕ್ಕಾಲು. ಎರಡು ತಿಂಗಳ ಹಿಂದಿನವರೆಗೆ ಇದರಿಂದ ತೊಂದರೆ ಇರಲಿಲ್ಲ. ಆಗ ಡೈರಿ ಆರೂಕಾಲರವರೆಗೆ ತೆರೆದಿರುತ್ತಿತ್ತು. ಈಗ ಐದೂವರೆಗೇ ಬಾಗಿಲು.

ನಲ್ಲಿಯ ಬಳಿ ತನ್ನ ಖಾಲಿ ಕ್ಯಾನು ತೊಳೆಯುತ್ತಿದ್ದ ಆಂಜಿನಮ್ಮ ಅವಳನ್ನು ಕಂಡು ನಲ್ಲಿ ನಿಲ್ಲಿಸಿದಳು.

"ಇವತ್ತೂ ಮುಚ್ಚಿಬಿಟ್ರಾ ಅಕ್ಕ?" ಎಂದಳು ಚಿಕ್ಕಮುನಿಯಮ್ಮ. "ದಿನಾ ಸಂಜೆ ಹಾಲು ಮನೇಲೇ ಉಳಿದ್ರೆ ಹಸು ಕಟ್ಕೊಂಡು ಏನು ಮಾಡ್ಲಿ? ಬರೋ ವಾರ ಸಂತೆಗೆ ಹೊಡ್ಕೊಂಡು ಹೋಗ್ತೀನಿ."

ಆ ಹಸು ಹುಟ್ಟಿದ್ದು ಆಂಜಿನಮ್ಮನ ಕೊಟ್ಟಿಗೆಯಲ್ಲಿ. ಕರುವಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿ, ಆಮೇಲೆ ಚಿಕ್ಕಮುನಿಯಮ್ಮನಿಗೆ ಕೊಟ್ಟಿದ್ದಳು. ಅದು ಸಂತೆಗೆ ಹೋಗುವುದೆಂದರೆ ಅವಳಿಗೂ ಸಂಕಟವೇ.

"ಯಾವ ಪುಣ್ಯಾತ್ಮ ಈ ಟೈಮು ಮಾಡಿದ್ನೋ," ಎಂದಳು ಆಂಜಿನಮ್ಮ. "ಅವನನ್ನ ಒಂದಿನ ಹಸು ಪಕ್ಕದಾಗೆ ಕುಕ್ಕರಗಾಲಲ್ಲಿ ಕೂರಿಸ್ಬೇಕು."

ಹೀಗೆ ಶಪಿಸಿದವಳು ಅದೇ ಡೈರಿಯ ನಿರ್ದೇಶಕಿ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ನೆನಪಾಗಲು ಕಾರಣವೂ ಇರಲಿಲ್ಲ. ಮೂರು ವರ್ಷದ ಹಿಂದೆ ಮಹಿಳಾ ಸ್ಥಾನಕ್ಕೆ ಒಂದು ಹೆಸರು ಬೇಕಾದಾಗ ಆಕೆಯ ಗಂಡ ಜಯರಾಮಪ್ಪನೇ ಅರ್ಜಿ ತುಂಬಿದ್ದ. ಎದುರಿಗೆ ಯಾರೂ ನಿಲ್ಲಲಿಲ್ಲ, ಅವಿರೋಧ ಆಯ್ಕೆ. ಆಡಳಿತ ಮಂಡಳಿಯ ಸಭೆ ಪ್ರತಿ ತಿಂಗಳ ಎರಡನೇ ಮಂಗಳವಾರ ಸಂಜೆ ಐದಕ್ಕೆ. ಗಂಡಸರಿಗೆ ಪುರುಸೊತ್ತು ಸಿಗುವ ಹೊತ್ತು ಅದು, ಹೆಂಗಸರು ಕೊಟ್ಟಿಗೆಯಲ್ಲಿರುವ ಹೊತ್ತೂ ಅದೇ. ಹಾಗಾಗಿ ಜಯರಾಮಪ್ಪ ಹೆಂಡತಿಯ ಕುರ್ಚಿಯಲ್ಲಿ ಕೂತು, ಬೋಂಡ ತಿಂದು, ಎಲ್ಲದಕ್ಕೂ ತಲೆಯಾಡಿಸಿ ಬರುತ್ತಿದ್ದ. ಆಂಜಿನಮ್ಮನ ಪಾಲಿಗೆ ಉಳಿದದ್ದು ಸಹಿ. ಅದನ್ನೂ ಕಾರ್ಯದರ್ಶಿ ಕನಕರಾಜ್ ಸಭೆಯ ಹಿಂದಿನ ದಿನವೇ ಮನೆಗೆ ಬಂದು ಹಾಕಿಸಿಕೊಂಡು ಹೋಗುವ ರೂಢಿ. ಮದುವೆಗೆ ಮೊದಲೇ ಬಾಣಂತನ ಮಾಡಿದ ಹಾಗೆ, ಸಭೆ ಮಂಗಳವಾರವಾದರೆ ಸಹಿ ಸೋಮವಾರ.

ಮಾರನೆಯ ದಿನ ಸೋಮವಾರ. ನಡಾವಳಿ ಪುಸ್ತಕ ಹಿಡಿದು ಕನಕರಾಜ್ ಬಂದ. ಆಂಜಿನಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು. ಅಷ್ಟರಲ್ಲಿ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದ ಮಗಳು ತನುಜ ಪುಸ್ತಕ ಎತ್ತಿಕೊಂಡಳು. ರಜೆಗೆ ಬಂದವಳು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು.

"ಇದೇನಣ್ಣ, ಹಾಳೆ ಪೂರ್ತಿ ಖಾಲಿ ಐತೆ?"

"ಆಮೇಲೆ ಬರ್ಕೊಂತೀನಮ್ಮ. ಸಹಿ ಮೊದ್ಲು ಆಗ್ಲಿ," ಎಂದ ಕನಕರಾಜ್, ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲವೆಂಬಂತೆ.

ತನುಜ ಹಿಂದಿನ ಹಾಳೆಗಳನ್ನು ತಿರುವಿದಳು. ಒಂದು ಕಡೆ ಅವಳ ಬೆರಳು ನಿಂತಿತು.

"ಅಮ್ಮ, ಡೈರಿ ಟೈಮು ಬದಲಾಯಿಸಿದ್ದು ಯಾರು ಅಂದೆ ನೆನ್ನೆ?"

"ಯಾವನೋ ಹಸು ಕರೀದೆ ಇರೋನು."

"ನೀನೇ ಕಣಮ್ಮ."

ಅವಳು ಗಟ್ಟಿಯಾಗಿ ಓದಿದಳು: 'ಸಂಜೆಯ ಹಾಲು ಸಂಗ್ರಹಣೆಯನ್ನು ಐದೂವರೆ ಗಂಟೆಗೆ ಮುಕ್ತಾಯಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸೂಚಕರು: ಶ್ರೀಮತಿ ಆಂಜಿನಮ್ಮ. ಅನುಮೋದಕರು: ಶ್ರೀಮತಿ ಕದಿರಮ್ಮ.' ಡೈರಿಯ ಇನ್ನೊಬ್ಬ ನಿರ್ದೇಶಕಿ ಕದಿರಮ್ಮ ಆ ತಿಂಗಳು ಪೂರ್ತಿ ಮಗಳ ಬಾಣಂತನಕ್ಕೆಂದು ಚಿಂತಾಮಣಿಯಲ್ಲಿದ್ದಳು.

"ಅದು ಹಂಗೇ ಅಕ್ಕ," ಎಂದು ಕನಕರಾಜ್ ಕತ್ತು ಕೆರೆದುಕೊಂಡ. "ಯಾರಾದ್ರೂ ಇಬ್ಬರ ಹೆಸರು ಹಾಕ್ಲೇಬೇಕು. ಹೆಂಗಸರ ಹೆಸರಿದ್ರೆ ನೋಡಾಕೂ ಚೆನ್ನಾಗಿರ್ತದೆ ಅಂತ."

ಆಂಜಿನಮ್ಮನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ ಇತ್ತು. ಮೂರು ವರ್ಷ ಸಹಿ ಹಾಕಿದ್ದಳು, ಒಂದು ದಿನವೂ ಏನು ಬರೆದಿದೆ ಎಂದು ಕೇಳಿರಲಿಲ್ಲ.

"ಬುಕ್ಕು ತಗೊಂಡೋಗಪ್ಪ. ನಾಳೆ ನಾನೇ ಬರ್ತೀನಿ. ಸಹಿ ಅಲ್ಲೇ ಹಾಕ್ತೀನಿ," ಎಂದಳು.

ಮಧ್ಯಾಹ್ನ ಮುದ್ದೆ ಮುರಿಯುತ್ತಾ ಜಯರಾಮಪ್ಪ ವಿಷಯ ತೆಗೆದ. ಕನಕರಾಜ್ ಆಗಲೇ ದೂರು ಹೇಳಿದ್ದ.

"ನಿನ್ನ ಪರವಾಗಿ ನಾನು ಹೋಗ್ತಾ ಇಲ್ವಾ?"

"ಟೈಮು ಬದಲಾಯಿಸಿದ ದಿನಾನೂ ನೀವೇ ಹೋಗಿದ್ರಲ್ಲ. ಏನಂದ್ರಿ?"

ಜಯರಾಮಪ್ಪ ನೆನಪು ಮಾಡಿಕೊಂಡ. "ಕನಕರಾಜನಿಗೆ ಮಂಚೇನಹಳ್ಳಿ ಬಸ್ಸು ತಪ್ಪೋಗ್ತಿತ್ತಂತೆ. ಪುಟ್ಟ ಮಗು ಐತೆ ಅವನಿಗೆ. ಪಾಪ ಅನ್ನಿಸ್ತು, ಆಯ್ತು ಅಂದೆ."

"ಚಿಕ್ಕಮುನಿಯಮ್ಮ ಎಷ್ಟೊತ್ತಿಗೆ ಹಾಲು ತರ್ತಾಳೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಜಯರಾಮಪ್ಪ ಕೆಟ್ಟವನಲ್ಲ. ಮನೆಯಲ್ಲಿ ಹಸು ಇದ್ದರೂ ಕರೆಯುವ ಹೊತ್ತಿಗೆ ಅವನು ಅರಳಿಕಟ್ಟೆಯಲ್ಲಿರುತ್ತಿದ್ದ, ಅಷ್ಟೇ.

"ಆದ್ರೂ ಅಷ್ಟು ಜನ ಗಂಡಸರ ಮಧ್ಯೆ ನೀನು ಹೋಗಿ ಕೂತ್ರೆ ಊರಾಗೆ ನನ್ನ ಏನಂತಾರೆ?" ಎಂದ. ಅವನ ನಿಜವಾದ ಭಯ ಅದು. ಅದು ಹೊರಬಿದ್ದ ಮೇಲೆ ಇನ್ನೊಂದು ಸೇರಿಸಿದ: "ಹಸು ಯಾರು ಕರೀತಾರೆ?"

"ನೀವು," ಎಂದಳು ಆಂಜಿನಮ್ಮ.

"ಅದು ನಿನ್ನ ಬಿಟ್ಟು ಬೇರೆಯೋರಿಗೆ ಒದೀತದೆ."

"ಅಮ್ಮನ ಹಳೇ ಸೀರೆ ಹೊದ್ಕೊಳಪ್ಪ," ಎಂದು ಒಳಗಿನಿಂದ ತನುಜ ಕೂಗಿದಳು. "ವಾಸನೆಗೆ ಸುಮ್ನಾಗ್ತದೆ."

ಅಂದು ಸಂಜೆ ಆಂಜಿನಮ್ಮ ಚಿಕ್ಕಮುನಿಯಮ್ಮನ ಮನೆಗೆ ಹೋಗಿ ಪುಸ್ತಕದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ, "ಈ ವಾರ ಒಂದು ತಡಿಯಮ್ಮ, ಹಸು ಮಾರಬೇಡ," ಎಂದಷ್ಟೇ ಅಂದಳು. ಚಿಕ್ಕಮುನಿಯಮ್ಮ ಅವಳನ್ನೇ ನೋಡಿ, ನಗು ತಡೆಯಲಾರದೆ, "ಪುಣ್ಯಾತ್ಗಿತ್ತಿ ನೀನೇನಾ ಅಕ್ಕ?" ಎಂದಳು.

ಮಂಗಳವಾರ ಐದಕ್ಕೆ ಆಂಜಿನಮ್ಮ ಕದಿರಮ್ಮನನ್ನೂ ಕರೆದುಕೊಂಡು ಡೈರಿಯ ಒಳಕೋಣೆಗೆ ಕಾಲಿಟ್ಟಳು. ಮೂರು ವರ್ಷದಿಂದ ಕಿಟಕಿಯ ಹೊರಗಿನಿಂದಷ್ಟೇ ನೋಡಿದ ಕೋಣೆ.

ಅಧ್ಯಕ್ಷ ಚೆನ್ನರಾಯಪ್ಪ ತಲೆಯೆತ್ತಿ, ನಿಜವಾದ ಕಾಳಜಿಯಿಂದಲೇ ಕೇಳಿದ: "ಏನಮ್ಮ, ಯಜಮಾನ್ರಿಗೆ ಹುಷಾರಿಲ್ವಾ?"

"ಹುಷಾರಾಗವ್ರೆ. ಹಸು ಕರೀತಾ ಅವ್ರೆ."

ಯಾರೋ ಕಿಸಕ್ಕೆಂದರು. ಆಂಜಿನಮ್ಮ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಡೈರಿಯ ಟೈಮಿನ ವಿಷಯ ಎತ್ತಿದಳು.

"ನಾವೇನು ಸುಮ್ನೆ ಮಾಡಿದ್ದಲ್ಲಮ್ಮ," ಎಂದ ಚೆನ್ನರಾಯಪ್ಪ. "ಆರೂವರೆಗೆ ವ್ಯಾನು ಬರ್ತದೆ, ಕ್ಯಾನು ಡ್ರೈವರೇ ಏರಿಸ್ಕೊಂತಾನೆ. ಕೊನೇ ಗಳಿಗೇಲಿ ಹಾಲು ಬಂದ್ರೆ ಟೆಸ್ಟು ಮಾಡೋರು ಯಾರು? ಆ ಹುಡ್ಗನಿಗೂ ಮನೆಮಠ ಐತೆ, ಆರು ಗಂಟೆ ಬಸ್ಸು ತಪ್ಪಿದ್ರೆ ಅವನು ಮನೆ ಸೇರೋದು ಎಂಟಕ್ಕೆ."

ಅದರಲ್ಲಿ ನ್ಯಾಯವಿತ್ತು. ಆಂಜಿನಮ್ಮನಿಗೂ ಹಾಗೆ ಅನ್ನಿಸಿತು. ಗಂಟೆ ಐದೂವರೆ ಆಗಿದ್ದರಿಂದ ಕನಕರಾಜ್ ಎದ್ದು ಹಾಲು ಹಾಕುವ ಕಿಟಕಿ ಮುಚ್ಚಿ ಬಂದ. ಸ್ವಲ್ಪ ಹೊತ್ತಿಗೆ ಆ ಕಿಟಕಿಯ ಮೇಲೆ ದಬದಬ ಸದ್ದಾಯಿತು.

"ಲೋ ಕನಕರಾಜ, ತೆಗಿಯೋ."

"ಟೈಮಾಯ್ತು ಅಣ್ಣ," ಎಂದ ಕನಕರಾಜ್ ಕೂತಲ್ಲಿಂದಲೇ.

"ಎಂಥಾ ಟೈಮೋ? ಒಂದು ಗಂಟೆಯಿಂದ ಹಸು ಜೊತೆ ಗುದ್ದಾಡಿ ಬಂದಿವ್ನಿ. ಯಾವನಯ್ಯ ಈ ಟೈಮು ಮಾಡಿದ್ದು?"

ಕೂಗುತ್ತಲೇ ಆ ದನಿ ಬಾಗಿಲಿಗೆ ಬಂತು. ಎಲ್ಲರೂ ಅತ್ತ ತಿರುಗಿದರು. ಜಯರಾಮಪ್ಪ ನಿಂತಿದ್ದ. ಅಂಗಿಯ ಮೇಲೆ ಸಗಣಿ, ಹೆಗಲ ಮೇಲೆ ಹೆಂಡತಿಯ ಹಳೇ ಹಸಿರು ಸೀರೆ, ಕೈಯಲ್ಲಿ ಅರ್ಧ ಕ್ಯಾನು ಹಾಲು. ಅವನ ಹಿಂದೆ ಆಗಷ್ಟೇ ಓಡಿ ಬಂದ ಚಿಕ್ಕಮುನಿಯಮ್ಮ.

"ನಿಮ್ಮ ಮನೆಯೋರೇ ಅಂತೆ ಅಣ್ಣ," ಎಂದಳು ಅವಳು ಮೆಲ್ಲಗೆ. "ಬುಕ್ಕಲ್ಲಿ ಬರ್ದೈತಂತೆ."

ಕೋಣೆಯಲ್ಲಿ ನಗು ಎದ್ದಿತು. ಜಯರಾಮಪ್ಪ ನಗಲಿಲ್ಲ. ತನ್ನ ಕೈಯ ಕ್ಯಾನು ನೋಡಿದ, ಚಿಕ್ಕಮುನಿಯಮ್ಮನ ಕ್ಯಾನು ನೋಡಿದ, ಆಮೇಲೆ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತ ಹೆಂಡತಿಯನ್ನು ನೋಡಿದ.

"ಅವಳಲ್ಲಮ್ಮ," ಎಂದ. "ಆವತ್ತು ಆ ಕುರ್ಚೀಲಿ ಕೂತಿದ್ದೋನು ನಾನು."

ಆಂಜಿನಮ್ಮನಿಗೆ ಗಂಡನ ಮೇಲಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ಸಿಟ್ಟು ಇಳಿದ ಮೇಲೆ ತಲೆಯೂ ಓಡಿತು.

"ಹಾಲಿನ ವ್ಯಾನು ಮಂಚೇನಹಳ್ಳಿ ಮೇಲೇ ಅಲ್ವಾ ಹೋಗೋದು?" ಎಂದು ಕೇಳಿದಳು. "ಡ್ರೈವರ್ ಪಕ್ಕ ಸೀಟು ದಿನಾ ಖಾಲಿ ಇರ್ತದೆ. ಮೊದ್ಲೆಲ್ಲ ಕ್ಯಾನು ತೊಳೀತಾ ನಾವು ನೋಡ್ತಾನೇ ಇದ್ವಿ. ಕನಕರಾಜ್ ಅದ್ರಾಗೇ ಹೋದ್ರೆ ಏಳಕ್ಕೆಲ್ಲ ಮನೇಲಿರ್ತಾನೆ. ಡೈರಿ ಮೊದಲಿನಂಗೆ ಆರೂಕಾಲರ ತನಕ ತೆಗೆದಿರ್ಲಿ."

"ನಾನೂ ಅದೇ ಹೇಳ್ತೀನಿ," ಎಂದಳು ಕದಿರಮ್ಮ. ಆ ಕೋಣೆಯಲ್ಲಿ ಅವಳ ಮೊದಲ ಮಾತು ಅದು.

ಚೆನ್ನರಾಯಪ್ಪ ಕನಕರಾಜನ ಮುಖ ನೋಡಿದ. ಅವನು, "ಬಸ್ ಚಾರ್ಜೂ ಉಳೀತದೆ," ಎಂದ.

"ಸರಿ ಕಣಮ್ಮ, ಇದು ನಮ್ಮ ಯಾರ ತಲೆಗೂ ಹೊಳೀಲಿಲ್ಲ ನೋಡು," ಎಂದು ಚೆನ್ನರಾಯಪ್ಪ ಒಪ್ಪಿಕೊಂಡ.

ಕನಕರಾಜ್ ಪುಸ್ತಕ ತೆರೆದು ಬರೆದ. ಸೂಚಕರ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ, ರೂಢಿಯಂತೆ ಅಧ್ಯಕ್ಷರ ಕಡೆ ನೋಡಿದ.

"ಅಲ್ಲೇನು ನೋಡ್ತೀಯಪ್ಪ?" ಎಂದಳು ಆಂಜಿನಮ್ಮ. "ಆಂಜಿನಮ್ಮ ಅಂತ ಬರಿ. ಈ ಸಲ ನಿಜವಾಗ್ಲೂ ನಾನೇ."

ಅವಳು ಪ್ರತಿ ಸಾಲನ್ನೂ ಓದಿ ಸಹಿ ಹಾಕುವಷ್ಟರಲ್ಲಿ ಕಿಟಕಿ ತೆರೆದಿತ್ತು. ಜಯರಾಮಪ್ಪ ಹಿಂದೆ ಸರಿದು ಚಿಕ್ಕಮುನಿಯಮ್ಮನ ಕ್ಯಾನನ್ನು ಮುಂದೆ ಬಿಟ್ಟ.

ಮುಂದಿನ ತಿಂಗಳ ಎರಡನೇ ಮಂಗಳವಾರದ ಹೊತ್ತಿಗೆ ಚಿಕ್ಕಮುನಿಯಮ್ಮನ ಹಸು ಅವಳ ಮನೆ ಮುಂದೆಯೇ ಮೆಲುಕು ಹಾಕುತ್ತಿತ್ತು. ಅಂದು ಐದು ಗಂಟೆಗೆ, ಯಾರೂ ಹೇಳದೆಯೇ, ಜಯರಾಮಪ್ಪ ಗೂಟದ ಮೇಲಿದ್ದ ಹಸಿರು ಸೀರೆ ಹೊದ್ದು ಕೊಟ್ಟಿಗೆಯಲ್ಲಿ ಕೂತಿದ್ದ. ಅರಳಿಕಟ್ಟೆಯ ಗೆಳೆಯ ಬಯ್ಯಪ್ಪ ದಾರಿಯಲ್ಲಿ ಹೋಗುತ್ತಿದ್ದವನು ಇಣುಕಿ ನೋಡಿದ.

"ಏನಣ್ಣ ಇದು ವೇಷ? ಮೀಟಿಂಗಿಗೆ ಹೋಗಿಲ್ವಾ?"

"ನಾನ್ಯಾಕಯ್ಯ ಹೋಗ್ಲಿ? ಡೈರೆಕ್ಟ್ರು ಹೋಗವ್ರೆ," ಎಂದ ಜಯರಾಮಪ್ಪ. ಅಷ್ಟರಲ್ಲಿ ಹಸು ಗಂಡಸಿನ ದನಿ ಕೇಳಿ ಅನುಮಾನದಿಂದ ತಿರುಗಿ ನೋಡಿತು. ಅವನು ಬೇಗಬೇಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಯ್ಯಪ್ಪನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿದ.