ಒಂದೇ ಬ್ಲೇಡು

ಕೇರಿಯ ಗಂಡಸರಿಗೆಲ್ಲ ಕ್ಷೌರ ಮಾಡುವ ಮರಿಸಿದ್ದಯ್ಯ ಹೆಣದ ಗಲ್ಲವನ್ನು ಎರಡು ಬೆರಳಿಂದ ಎಳೆದು ಹಿಡಿದು, ಅರ್ಧ ಬ್ಲೇಡು ಸಿಕ್ಕಿಸಿದ ಕತ್ತಿಯನ್ನು ಮೇಲಕ್ಕೆ ಒಯ್ದ. ಪಾರ್ಶ್ವವಾಯುವಿಗೆ ಜೋತುಬಿದ್ದಿದ್ದ ಎಡಗೆನ್ನೆ ಕೈಯಿಂದ ಜಾರಿತು. ಸಣ್ಣ ಗಾಯವಾಯಿತು.

"ಮೆಲ್ಲಗೆ ಕಣ್ಲಾ. ಅವನೇನು ಎದ್ದು ಬಸ್ಸಿಗೆ ಓಯ್ತಾನಾ?" ಎಂದ ಸತ್ತವನ ತಮ್ಮ ಮಹದೇವು.

"ಕಾಲಿಡಕ್ಕೆ ಜಾಗ ಇಲ್ದಿದ್ರೂ 'ಸೀಟೈತೆ ಬನ್ನಿ' ಅಂತಿದ್ದ, ಸುಳ್ಳ," ಎಂದರು ಯಾರೋ. ಅಂಗಳ ತಗ್ಗಿದ ದನಿಯಲ್ಲಿ ನಕ್ಕಿತು. ಸತ್ತ ಲಿಂಗಯ್ಯ ಇಪ್ಪತ್ತಾರು ವರ್ಷ ಮಳವಳ್ಳಿ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸಿದವನು.

ಹೆಂಡತಿ ಶಶಿರೇಖಾ ನಗಲಿಲ್ಲ, ಅಳಲೂ ಇಲ್ಲ. ಅವಳ ಕಣ್ಣು ಬ್ಲೇಡಿನ ಮೇಲಿತ್ತು. ಅಪ್ಪನಿಗೆ ಮುಟ್ಟಿಸಿದ ಬ್ಲೇಡಿನಲ್ಲೇ ಮಗನ ತಲೆ ಬೋಳಿಸುವುದು ಅವರ ಪದ್ಧತಿ. ಮಗ ರಾಜೇಂದ್ರ ಆಗಲೇ ತಲೆ ನೆನೆಸಿಕೊಂಡು ಕೂತಿದ್ದ.

*

ಎಂಟು ತಿಂಗಳ ಹಿಂದೆ, ಮೊದಲ ಸಲ ಪಾರ್ಶ್ವವಾಯು ಬಡಿದಾಗ, ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದಿದ್ದರು.

"ಇವರ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆ. ಲಿವರ್ ಹಾಳಾಗಿದೆ. ಇಂಥವರಿಗೆ ಸ್ಟ್ರೋಕ್ ಆದರೆ ಚೇತರಿಕೆ ಕಷ್ಟ, ಮತ್ತೆ ಆಗಲೂಬಹುದು. ವೈರಸ್‌ಗೆ ಮಾತ್ರೆ ಇದೆ. ರಕ್ತ ತಗುಲಿದ ಸೂಜಿ, ಬ್ಲೇಡಿನಿಂದ ಹರಡುತ್ತೆ. ನೀವೂ ಪರೀಕ್ಷೆ ಮಾಡಿಸಿ."

ವಾರ್ಡಿನಲ್ಲಿ ಲಿಂಗಯ್ಯ ಸೊಟ್ಟಬಾಯಿಂದ ಒಂದೊಂದೇ ಮಾತು ಎಳೆದು ಹೇಳಿದ್ದ: "ಯಾರ್ಗೂ ಏಳ್ಬ್ಯಾಡ. ನಮ್ಮಪ್ಪಂಗೆ ಓಟ್ಲಲ್ಲಿ ಬ್ಯಾರೆ ಲೋಟ ಮಡಗಿದ್ದು ಸಾಲ್ದಾ? ನಂಗೆ ನಮ್ಮೋರೇ ಮಡಗ್ಬೇಕಾ?"

ಅವಳು ಹೇಳಲಿಲ್ಲ. ಅವನು ಮಾತ್ರೆ ತರಲೂ ಬಿಡಲಿಲ್ಲ. ನೋಡಿದವರು ಯಾವುದಕ್ಕೆಂದು ಕೇಳುತ್ತಾರೆಂಬ ಹೆದರಿಕೆ. ಎರಡನೆಯ ಸಲ ಬಡಿದಾಗ ಬಾಯಿಂದ ಮಾತೇ ಹೊರಡಲಿಲ್ಲ. ಮೂರು ದಿನಕ್ಕೆ ಮುಗಿಯಿತು.

*

"ಬಾಲಾ ರಾಜ," ಎಂದು ಮರಿಸಿದ್ದಯ್ಯ ಕತ್ತಿಯನ್ನು ಅಂಗೈಗೆ ಒರೆಸಿದ.

"ಬ್ಲೇಡ್ ಬದ್ಲಾಯ್ಸಣ್ಣ," ಎಂದಳು ಶಶಿರೇಖಾ.

"ಇವತ್ತೇನಮ್ಮ ಒಸ ಶಾಸ್ತ್ರ?"

"ಬುಡತ್ತಿಗೆ, ಹೊತ್ತಾಯ್ತದೆ," ಎಂದ ಮಹದೇವು.

ಹೇಳಿದರೆ ಹೆಣಕ್ಕೆ ಹೆಗಲು ಕೊಡುವವರು ಯಾರು? ಅವಳು ಸೆರಗು ಬಾಯಿಗೊತ್ತಿಕೊಂಡಳು. ಕತ್ತಿ ಮಗನ ನೆತ್ತಿಗೆ ಇಳಿಯುತ್ತಿತ್ತು. ನುಗ್ಗಿ ಹೋಗಿ ಅವನ ತಲೆಯ ಮೇಲೆ ಎರಡೂ ಅಂಗೈ ಕವುಚಿದಳು.

"ಅವ್ರ ರಕ್ತದಲ್ಲಿ ಕಾಯ್ಲೆ ಇತ್ತು. ಬ್ಲೇಡಲ್ಲಿ ಅಂಟ್ತದೆ. ಡಾಕ್ಟ್ರು ಏಳವ್ರೆ."

ಅಂಗಳದಂಚಿನಲ್ಲಿ ಬಡಿಯುತ್ತಿದ್ದ ತಮಟೆ ನಿಂತಿತು. ಮಹದೇವು ಒಂದು ಹೆಜ್ಜೆ ಹಿಂದೆ ಸರಿದ.

"ಯಾವತ್ತು ಏಳುದ್ರು?" ಎಂದ ಮರಿಸಿದ್ದಯ್ಯ.

"ಮೊದಲ್ನೇ ಸಲ ಬಡಿದಾಗ."

"ಎಂಟ್ ತಿಂಗ್ಳಾಯ್ತಲ್ಲಮ್ಮ!" ಮರಿಸಿದ್ದಯ್ಯನ ಕೈಯಲ್ಲಿ ಕತ್ತಿ ಹಾಗೇ ಇತ್ತು. "ಭಾನ್ವಾರ ಭಾನ್ವಾರ ನಾನೇ ಅವನ ಗಡ್ಡ ಕೆರೀತಿದ್ದೆ. ಕಾಯ್ಲೆ ಮನ್ಸ ಅಂತ ಅವನಿಗೇ ಮೊದ್ಲು. ಆಮ್ಯಾಕೆ ಅದೇ ಬ್ಲೇಡಲ್ಲಿ…"

ಅಂಗಳದಲ್ಲಿ ನಿಂತಿದ್ದ ಗಂಡಸರ ಕೈಗಳು ಒಂದೊಂದಾಗಿ ತಮ್ಮ ತಮ್ಮ ಗಲ್ಲಕ್ಕೆ ಹೋದವು.