ಟವೆಲ್ ಕೆಳಗಿನ ಕಂಪ್ಯೂಟರ್

ನಮ್ಮ ಪುಂಡಲೀಕಪ್ಪ ಕಾಕಾನಿಗೆ ಗೊತ್ತಿಲ್ಲದ ವಿಷಯ ಮುಂಡರಗಿ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಅವನು ಅಪ್ಪನ ತಮ್ಮ, ದನದ ಸಂತೆಯಲ್ಲಿ ಮೂವತ್ತು ವರ್ಷದ ದಲ್ಲಾಳಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ, ಅದು ಖರೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬೋರ್‌ವೆಲ್, ಮೊಬೈಲು, ಮೂಲವ್ಯಾಧಿ, ಮದುವೆ ಸಂಬಂಧ, ಎಲ್ಲಕ್ಕೂ ಅವನದೇ ತೀರ್ಪು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಾವ ದೊಡ್ಡ ಖರೀದಿಯೂ ಅವನಿಲ್ಲದೆ ಆಗಿಲ್ಲ. ಅವನು ಕೊಡಿಸಿದ ಫ್ರಿಜ್ಜು ಎರಡು ಬೇಸಿಗೆ ನಡೆಯಿತು. ಹೊಲಿಗೆ ಮಷಿನ್ನು ಇಂದಿಗೂ ಬಟ್ಟೆ ಬಿಟ್ಟು ದಾರ ತಿನ್ನುತ್ತದೆ. ಅಕ್ಕ ಸೀಮಾಳಿಗೆ ಗಂಡು ಹುಡುಕಿದವನೂ ಅವನೇ. ಭಾವನ ಬಗ್ಗೆ ನಾನು ಮಾತಾಡುವುದಿಲ್ಲ.

ನಾನು ರೋಜಾ. ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನಲ್ಲಿ ನಾಲ್ಕು ವರ್ಷದಿಂದ ಮಂದಿಯ ಅರ್ಜಿ ತುಂಬುತ್ತಿದ್ದೇನೆ. ಬಿಡುವಿನಲ್ಲಿ ಮದುವೆ ಕಾರ್ಡು, ಬ್ಯಾನರು ಡಿಸೈನ್ ಮಾಡುವುದು ಕಲಿತೆ. ಬೆಟಗೇರಿಯಲ್ಲಿ ಫ್ಲೆಕ್ಸ್ ಪ್ರೆಸ್ ಇಟ್ಟಿರುವ ಮರ್ದಾನಸಾಬರು ಅದನ್ನು ನೋಡಿ ಮೆಚ್ಚಿಕೊಂಡರು. "ಮನ್ಯಾಗ ಕುಂತ ಮಾಡಿ ಕಳಸವಾ, ಕೆಲಸಕ್ಕ ಕಡಿಮಿ ಇಲ್ಲ. ಆದ್ರ ಸ್ವಂತ ಮಷಿನ್ ಬೇಕು ನೋಡು" ಎಂದರು. ಪರೀಕ್ಷೆಗೆಂದು ಇಪ್ಪತ್ತಡಿ ಬ್ಯಾನರಿನ ಒಂದು ಫೈಲ್ ಕೊಟ್ಟರು. ಅದನ್ನು ಸೋಮವಾರ ಮಧ್ಯಾಹ್ನದೊಳಗೆ ತಿದ್ದಿ ಕಳಿಸಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಸೆಂಟರಿನ ಮುದಿ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆಯಲು ಕೊಟ್ಟು ನಾನು ಚಹಾ ಕುಡಿದು ಬಂದೆ. ಇನ್ನೂ ತೆರೆದಿರಲಿಲ್ಲ.

ಕೂಡಿಸಿಟ್ಟದ್ದು ಮೂವತ್ತಾರು ಸಾವಿರ. ಮೂರು ತಿಂಗಳು ಫೋನಿನಲ್ಲಿ ವಿಡಿಯೊ ನೋಡಿ, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಬರೆದು, ಹೊಡೆದು, ಮತ್ತೆ ಬರೆದಿದ್ದೆ. ಒಂದು ಏರಿಸಿದರೆ ಇನ್ನೊಂದು ಇಳಿಸಬೇಕು. ಹದಿನಾರು ಜಿಬಿ ರ‍್ಯಾಮ್ ಬಿಡುವ ಹಾಗಿಲ್ಲ. ಕರೆಂಟ್ ಕೊಡುವ ಪವರ್ ಸಪ್ಲೈ ಅಗ್ಗದ್ದು ತಂದರೆ ಉಳಿದದ್ದನ್ನೆಲ್ಲ ಸುಟ್ಟುಹಾಕುತ್ತದೆ, ಅದೂ ಒಳ್ಳೆಯದೇ ಇರಲಿ. ಎಲ್ಲವನ್ನೂ ಕೂಡಿಸಿಡುವ ಡಬ್ಬಿ ಸಾದಾ ತಗಡಿನದು ಸಾಕು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ನನ್ನ ಯೋಗ್ಯತೆಗೆ ಮೀರಿದ್ದು. ಹಾಗಾಗಿ ಆ ಕೆಲಸವನ್ನೂ ತಾನೇ ಮಾಡುವಂಥ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಆರಿಸಿದೆ. ಇಡೀ ಪಟ್ಟಿ ನಿಂತದ್ದು ಆ ಒಂದರ ಮೇಲೆ.

ಶುಕ್ರವಾರ ಗದಗಿಗೆ ಹೊರಟೆ. ಅವ್ವ ಉಡಚವ್ವ ಬಾಗಿಲಿಗೆ ಅಡ್ಡ ನಿಂತಳು. "ಕಾಕಾನ್ನ ಕರಕೊಂಡ ಹೋಗು. ಹೆಣ್ಣಹುಡುಗಿ ಒಬ್ಬಾಕಿನ ಹೋದ್ರ ಮೋಸ ಮಾಡ್ತಾರ."

ಕಾಕಾ ಆಗಲೇ ಕೆಂಪು ಅಂಚಿನ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಿಂತಿದ್ದ.

ಗದಗಿನ ಅಂಗಡಿಯ ಮಾಲೀಕ ಕನಕರಾಜ ನನ್ನ ಪಟ್ಟಿ ಓದಿ ಹುಬ್ಬೇರಿಸಿದ. "ಯಾರ ಬರದಾರ್ರಿ ಇದನ್ನ? ಭಾಳ ತಿಳದವರ ಬರದಾರ." ನಾನೇ ಎನ್ನುವಷ್ಟರಲ್ಲಿ ಕಾಕಾ ಮೀಸೆ ನೇವರಿಸಿಕೊಂಡ. ಕನಕರಾಜ ಪರದೆಯೂ ಸೇರಿ ಎಲ್ಲಕ್ಕೂ ಮೂವತ್ತೆಂಟೂವರೆ ಸಾವಿರ ಎಂದ. ನಾನು ಮೂವತ್ತಾರಕ್ಕೆ ಇಳಿಸಬೇಕೆಂದು ಬಾಯಿ ತೆರೆದೆ.

"ನೀ ಸುಮ್ಕಿರವಾ" ಎಂದು ಕಾಕಾ ನನ್ನನ್ನು ಪಕ್ಕಕ್ಕೆ ಸರಿಸಿ, ಟವೆಲನ್ನು ಕೌಂಟರಿನ ಮೇಲೆ ಹಾಸಿದ.

ದನದ ಸಂತೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಮಾರುವವನೂ ದಲ್ಲಾಳಿಯೂ ಟವೆಲ್ ಕೆಳಗೆ ಕೈ ಹಾಕಿ, ಒಬ್ಬರ ಬೆರಳು ಒಬ್ಬರು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ, ಕೊಳ್ಳುವ ರೈತನಿಗೂ ಕೂಡ, ಒಳಗೆ ಏನು ನಡೆಯಿತು ತಿಳಿಯುವುದಿಲ್ಲ. ಅದನ್ನು ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿದವನು ನಮ್ಮ ಕಾಕಾನೇ ಮೊದಲಿಗನಿರಬೇಕು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಕನಕರಾಜನ ಅಪ್ಪನೂ ನಮ್ಮ ಸಂತೆಗೆ ಎತ್ತು ತರುತ್ತಿದ್ದನಂತೆ. ಕನಕರಾಜ ನಕ್ಕು ತಾನೂ ಕೈ ಒಳಗೆ ಹಾಕಿದ. ಎರಡು ನಿಮಿಷ ಟವೆಲ್ ಅಲ್ಲಾಡಿತು. ನಡುವೆ ಅವನು ಕಾಕಾನ ಕಿವಿಯಲ್ಲಿ ಏನೋ ಕೇಳಿದ, ಕಾಕಾ ಏನೋ ಹೇಳಿದ. ನಾನು ಮದರ್‌ಬೋರ್ಡಿನ ಡಬ್ಬಿ ಸವರುವುದರಲ್ಲಿ ಮೈಮರೆತಿದ್ದೆ.

"ಮೂವತ್ತೈದಕ್ಕ ಮುಗೀತು" ಎಂದು ಕಾಕಾ ಕೈ ಹೊರಗೆ ತೆಗೆದ.

ನಾನು ಕುಣಿಯುವುದೊಂದು ಬಾಕಿ. ಸಾಮಾನು ಒಂದೊಂದೇ ನೋಡಿಕೊಳ್ಳಲು ಹೋದರೆ, "ಕೈ ಕೂಡಿದ ಮ್ಯಾಲ ಹಲ್ಲ ನೋಡಬಾರ್ದು, ಅವಮಾನ ಮಾಡಿದಂಗ" ಎಂದು ಗದರಿಸಿ ಸಣ್ಣಪುಟ್ಟ ಡಬ್ಬಿಗಳನ್ನೆಲ್ಲ ಟವೆಲಿನಲ್ಲಿ ಗಂಟು ಕಟ್ಟಿದ. ಬಸ್ ಸ್ಟ್ಯಾಂಡಿನಲ್ಲಿ ತನ್ನ ದುಡ್ಡಿನಿಂದ ನನಗೆ ಗಿರ್ಮಿಟ್ಟು, ಮಿರ್ಚಿ ಕೊಡಿಸಿದ. ನನ್ನ ಇಪ್ಪತ್ತೈದು ವರ್ಷದಲ್ಲಿ ಅದೇ ಮೊದಲು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮನೆಯಲ್ಲಿ ಅವ್ವ ಹೋಳಿಗೆ ಮಾಡಿ ಅವನ ತಾಟಿಗೆ ತುಪ್ಪ ಸುರಿದಳು. ಅವನು ಉಣ್ಣುತ್ತಿರುವಾಗ ನಾನು ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೆ ಕುಳಿತಿತು. ವೈರು ಬಿಚ್ಚಿ ಹಾಕಿದೆ. ರ‍್ಯಾಮ್ ತೆಗೆದು ಒರೆಸಿ ಹಾಕಿದೆ. ಅದೇ ಕಪ್ಪು. ಅಷ್ಟರಲ್ಲಿ ಓಣಿ ಕೂಡಿತು. ಪಕ್ಕದ ಮನೆಯ ಸೋಮೇಶ, ಒಳಗೆ ಬಣ್ಣದ ಲೈಟ್ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದ. ಕಾಕಾ ಕೈ ನೆಕ್ಕುತ್ತ ಎದ್ದು ಬಂದು ತೀರ್ಪು ಕೊಟ್ಟ: "ಸಾಮಾನು ಚಲೋನ ಐತಿ. ಜೋಡಿಸಿದ ಕೈ ಸರಿ ಇಲ್ಲ."

ಅವ್ವ ನನ್ನ ಮುಖ ನೋಡಿದಳು. "ಅಂಗಡ್ಯಾಂವನ ಕಡೆ ಜೋಡಿಸಿ ತರಬೇಕಿತ್ತು. ನಾನ ಜೋಡಸ್ತೀನಿ ಅಂತ ನಿಂದ ಒಂದ ಹಟ." ಆ ಮಾತಿಗೆ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಎಲ್ಲರೂ ಹೋದ ಮೇಲೆ ಪ್ರೊಸೆಸರಿನ ಡಬ್ಬಿ ತಿರುಗಿಸಿ ಓದಿದೆ. ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಇದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕಬೇಕು. ನಾನು ಬರೆದದ್ದರ ಅಣ್ಣತಮ್ಮ, ಅಷ್ಟೇ ವೇಗ, ಆದರೆ ಕುರುಡು. ಮನೆಗೆ ತಂದ ಮೇಲಾದರೂ ಓದದೇ ಹೋದದ್ದು ನನ್ನದೇ ತಪ್ಪು. ಕಾಕಾನಿಗೆ ಫೋನ್ ಮಾಡಿದೆ. "ಟವೆಲ್ ಒಳಗಿನ ಮಾತ ಹೊರಗ ತಗ್ಯಾಕ ಬರೂದಿಲ್ಲವಾ, ಸಂತ್ಯಾಗ ನನ್ನ ಮಾನ ಹೋಗತೈತಿ" ಎಂದು ಇಟ್ಟುಬಿಟ್ಟ.

ಶನಿವಾರ ಬೆಳಿಗ್ಗೆ ಪ್ರೊಸೆಸರನ್ನು ಒರೆಸಿ ಡಬ್ಬಿಗೆ ಹಾಕಿ, ಕಾಕಾ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದ ಕೆಂಪು ಅಂಚಿನ ಟವೆಲಿನಲ್ಲಿ ಸುತ್ತಿಕೊಂಡು ಒಬ್ಬಳೇ ಗದಗಿನ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು.

ಕನಕರಾಜ ಡಬ್ಬಿ ನೋಡಿ ಮುಖ ತಿರುಗಿಸಿದ. "ಕಾಕಾರ ಜೋಡಿ ಮಾತಾಗೇತವ್ವಾ. ಅವರನ್ನ ಕೇಳ್ರಿ."

ನಾನು ಟವೆಲ್ ಬಿಚ್ಚಿ ಕೌಂಟರಿನ ಮೇಲೆ ಹಾಸಿ, ಒಳಗೆ ಕೈ ಇಟ್ಟೆ. "ಬರ್ರಿ. ಅವರ ಕೈಯಾಗ ಏನ ಹೇಳಿದ್ರಿ, ನನ್ನ ಕೈಯಾಗೂ ಹೇಳ್ರಿ."

ಗಿರಾಕಿಗಳೆಲ್ಲ ಮೊಬೈಲು ಬಿಟ್ಟು ಇತ್ತ ತಿರುಗಿದರು. ಕನಕರಾಜ ಕೈ ಹಿಂದಕ್ಕೆ ಕಟ್ಟಿಕೊಂಡ. "ಹೆಣ್ಮಕ್ಕಳ ಕೈ ಹೆಂಗ ಹಿಡೀಲವ್ವಾ, ಚಂದ ಕಾಣೂದಿಲ್ಲ."

"ಹಂಗಾರ ಬಾಯಿಲೆ ಹೇಳ್ರಿ."

ಹೇಳಿದ, ಪಾಪ. ಅವನು ಇಡೀ ಪಟ್ಟಿಯನ್ನು ಮೂವತ್ತಾರಕ್ಕೆ ಕೊಡಲು ತಯಾರಿದ್ದ. ಬಾಯಿ ತೆರೆಯಲು ಬಿಟ್ಟಿದ್ದರೆ ನಾನು ಕೇಳುತ್ತಿದ್ದ ದರವೂ ಅದೇ. ಕಾಕಾ ಮೂವತ್ತೈದಕ್ಕೆ ಎಳೆದ, ಅದರಲ್ಲಿ ತನಗೆ ಎರಡು ಸಾವಿರ ದಲ್ಲಾಳಿ ಎಂದು ಬೆರಳು ಒತ್ತಿದ. "ಇಳಿಸಿದ್ದ ಒಂದ, ಅವರದ ಎರಡ, ಹಿಂಗ ಮೂರ ಸಾವಿರ ನಾ ಎಲ್ಲಿಂದ ಹುಟ್ಟಸ್ಲಿ? ಪರದೆ ತೋರಸೂ ತಾಕತ್ತ ಇಲ್ಲದ ಪ್ರೊಸೆಸರ್ ಕೊಡ್ಲೇನ್ರಿ ಅಂತ ಕಿವ್ಯಾಗ ಕೇಳಿದೆ. ಪರದೆ ಬ್ಯಾರೆ ತಗೊಂಡೀವಲ್ಲ, ಮತ್ತ ಅದರಾಗ್ಯಾಕ ಬೇಕು ಅಂದ್ರು."

ಅಂಗಡಿಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಉಳಿದಿದ್ದ ಒಂದು ಸಾವಿರವನ್ನು ಕೌಂಟರಿನ ಮೇಲೆ ಇಟ್ಟೆ. "ಇದು ನಂದು. ಉಳದ ಎರಡ ಸಾವಿರ ನಿಮ್ಮ ದಲ್ಲಾಳಿ ಕಡೆ ಐತಿ. ಅವರ ಟವೆಲ್ ಇಲ್ಲೇ ಇರ್ಲಿ. ಬಿಡಿಸ್ಕೊಳ್ಳಾಕ ಬಂದಾಗ ಅದರ ಒಳಗ ಕೈ ಹಾಕಿ ನೀವ ನೀವ ಬಗಿಹರಿಸ್ಕೊಳ್ರಿ."

ಅಷ್ಟು ಜನರ ಮುಂದೆ ಕನಕರಾಜ ಇನ್ನೇನು ಮಾಡಿಯಾನು, ಸರಿಯಾದ ಪ್ರೊಸೆಸರ್ ತಂದುಕೊಟ್ಟ. ಈ ಸಲ ಡಬ್ಬಿಯ ನಾಲ್ಕೂ ಮೈ ಓದಿಯೇ ಹೊರಟೆ.

ಸೋಮವಾರ ಹನ್ನೊಂದಕ್ಕೆ ಫೈಲ್ ಕಳಿಸಿದೆ. ಅರ್ಧ ತಾಸಿನಲ್ಲಿ ಮರ್ದಾನಸಾಬರ ಸಂದೇಶ ಬಂತು: "ಛಲೋ ಆಗೇತಿ. ಇನ್ನ ಮೂರು ಕಳಸೇನಿ, ಜಲ್ದಿ ಮಾಡು." ಅದನ್ನು ಅವ್ವನಿಗೆ ಓದಿ ಹೇಳುತ್ತಿರುವಾಗ ಕಾಕಾ ಬಂದ, ಖಾಲಿ ಹೆಗಲಿನಲ್ಲಿ.

"ನನ್ನ ಟವೆಲ್ ಎಲ್ಲೈತಿ? ನಾಳಿ ಸಂತಿ ಐತಿ."

"ಗದಗಿನ ಅಂಗಡ್ಯಾಗ ಐತ್ರಿ ಕಾಕಾ. ನೀವ ಹೋಗಿ ಬಿಡಿಸ್ಕೊಂಡ ಬರಬೇಕು."

ಅವನಿಗೆ ತಿಳಿಯಿತು. ಹಗ್ಗದ ಮೇಲೆ ಒಣಗಿಸಿದ್ದ ಅವ್ವನ ಮುಖ ಒರೆಸುವ ಬಟ್ಟೆ ಎಳೆದು ತನ್ನ ಕೈ ಮೇಲೆ ಹೊದಿಸಿ, ಮೆಲ್ಲಗೆ ನನ್ನ ಕಡೆ ಚಾಚಿದ. ಅವ್ವನಿಗೆ ಗೊತ್ತಾಗದಂತೆ ನನ್ನೊಡನೆ ವ್ಯಾಪಾರಕ್ಕೆ ಇಳಿದಿದ್ದ, ಪುಣ್ಯಾತ್ಮ.

"ಬಾಯಿಲೆ ಹೇಳ್ರಿ ಕಾಕಾ. ಅವ್ವಗೂ ಕೇಳಲಿ."

"ಏನ ಕೇಳೂದೈತಿ?" ಎಂದಳು ಅವ್ವ.

ನಾನೇ ಹೇಳಿದೆ. ಕನಕರಾಜ ಹೇಳಿದ್ದನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಒಪ್ಪಿಸಿದೆ. ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಅವನ ಕೈ ಮೇಲಿನ ಬಟ್ಟೆ ತೆಗೆದು ತನ್ನ ಭುಜಕ್ಕೆ ಹಾಕಿಕೊಂಡಳು.

"ಪುಂಡಲೀಕಪ್ಪಾ, ಫ್ರಿಜ್ಜಿಗೆ ಎಷ್ಟ ತಗೊಂಡಿ?"

ಕಾಕಾ ನೆಲ ನೋಡಿದ. "ಎಂಟನೂರು."

"ಹೊಲಿಗಿ ಮಷಿನ್ನಿಗೆ?"

"ಐನೂರು. ದಲ್ಲಾಳಿ ಅಂದ ಮ್ಯಾಲ ಅಷ್ಟ ಇರತೈತಿ ವೈನಿ."

ಅವ್ವ ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು, "ಮತ್ತ ನಮ್ಮ ಸೀಮಾನ ಗಂಡಗ?"

ಕಾಕಾನ ಕೈ ತಾನಾಗಿಯೇ ಹೆಗಲಿಗೆ ಹೋಗಿ ಟವೆಲ್ ಹುಡುಕಿತು.