ಕನ್ನಡಿಯಲ್ಲಿ ಕಂಡ ಬಾಯಿ

ಒಡೆದ ಲೋಷನ್ ಬಾಟಲಿಗೆ ಒಂದು ದಿನದ ಗಳಿಕೆ ಹೋಯಿತು. ಚೂರಾದ ಬಾಚಣಿಗೆ, ಹಿಡಿ ಮುರಿದ ಬ್ರಷ್ಷು, ಕಾಲ್ತುಳಿತಕ್ಕೆ ಸಿಕ್ಕಿದ ಪೌಡರ್ ಡಬ್ಬ, ಇವೆಲ್ಲಕ್ಕೂ ಸೇರಿ ಇನ್ನೊಂದು ದಿನದ್ದು. ಅರ್ಧ ಗಡ್ಡದಲ್ಲೇ ಎದ್ದು ಹೋದ ಮೇಷ್ಟರು ಕಾಸು ಕೊಡಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಇಷ್ಟನ್ನು ಹೇಗೋ ತುಂಬಿಕೊಳ್ಳಬಹುದಿತ್ತು. ಊಟದ ಕ್ಯಾರಿಯರ್ ಹಿಡಿದು ಬಂದ ಮಗಳು ಹೊಸ್ತಿಲಲ್ಲೇ ನಿಂತು ಆಡಿದ ಮಾತಿಗೆ ಮಾತ್ರ ಎಷ್ಟು ಬೆಲೆ ಕಟ್ಟಬೇಕೆಂದು ಕ್ಷೌರದಂಗಡಿಯ ಯಜಮಾನನಿಗೆ ತಿಳಿಯಲಿಲ್ಲ.

"ಇನ್ನೊಂದ್ಸಲ ನೀವಿಬ್ರೂ ಹಿಂಗೆ ಕಚ್ಚಾಡಿದ್ರೆ ನಾನು ಈ ಕಡೆ ತಲೆ ಹಾಕಲ್ಲ ಅಪ್ಪ. ಅಂಗಡಿಗೂ ಇಲ್ಲ, ನಿನ್ನ ಮನೆಗೂ ಇಲ್ಲ. ಥೂ, ಬೀದಿನಾಯಿಗಳಾದ್ರೂ ಕಲ್ಲು ಬಿದ್ರೆ ಬಿಡಿಸ್ಕೊಳ್ತವೆ."

ಕ್ಯಾರಿಯರ್ ಕೆಳಗಿಟ್ಟು ಹೋದಳು. ಅಲ್ಲೇ ಕೆಲಸಕ್ಕಿದ್ದ ತನ್ನ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಜಗಳ ಹುಟ್ಟಿದ್ದು ಒಂದು ಬೆಂಚಿನಿಂದ. ಅಳಿಯ ಇದೇ ಅಂಗಡಿಯಲ್ಲಿ ಕತ್ತರಿ ಹಿಡಿಯಲು ಕಲಿತವನು, ಆಮೇಲೆ ಅಳಿಯನಾದವನು. ಬೆಂಚು ತೆಗೆದು ಆ ಜಾಗದಲ್ಲಿ ತಲೆ ತೊಳೆಯುವ ಬೇಸಿನ್ ಹಾಕಿಸೋಣ ಎಂಬುದು ಅವನ ಆಸೆ.

"ಬೆಂಚು ತೆಗೆದ್ರೆ ಜನ ಎಲ್ಲಿ ಕೂರ್ತಾರೆ? ನಿನ್ನ ತಲೆ ಮೇಲಾ?"

"ಕೂರೋರು ಕಟಿಂಗ್ ಮಾಡಿಸ್ಕೊಳ್ಳೋರಲ್ಲ ಮಾವ. ಪುಕ್ಕಟೆ ಪೇಪರ್ ಓದಿ, ಫ್ಯಾನ್ ಗಾಳಿ ಕುಡಿದು, ಎದ್ದು ಹೋಗೋರು. ಅವರಲ್ಲಿ ಇಬ್ರಿಗೆ ಕೂದ್ಲೇ ಇಲ್ಲ."

ಇಲ್ಲಿಗೆ ನಕ್ಕು ಬಿಟ್ಟಿದ್ದರೆ ಆಗಿತ್ತು. ಬೆಂಚಿನ ಮೇಲಿದ್ದವರು ನಕ್ಕರು, ಯಜಮಾನನಿಗೆ ಅದೇ ಚುಚ್ಚಿತು. ಬೆಂಚಿನ ಮಾತು ದುಡಿಮೆಗೆ ಹೋಯಿತು, ದುಡಿಮೆಯಿಂದ ಉಪಕಾರಕ್ಕೆ. "ನನ್ನ ಅನ್ನ ತಿಂದೋನು" ಎಂದ ಇವನು. "ಅನ್ನದ ಜೊತೆ ಮಗಳನ್ನೂ ನನ್ನ ತಲೆಗೆ ಕಟ್ಟಿದ್ರಲ್ಲ" ಎಂದ ಅವನು. ಆಗ ಯಜಮಾನನ ಬಾಯಿಂದ, ಕುಡಿದು ಚರಂಡಿಯಲ್ಲಿ ಸತ್ತಿದ್ದ ಅಳಿಯನ ಅಪ್ಪ ಹೊರಬಿದ್ದ. ಮಾತಿನ ಜೊತೆಗೆ ಎಂಜಲೂ ಹಾರಿತು. ಅದು ಹೋಗಿ ಬಿದ್ದದ್ದು ಮೇಷ್ಟರ ಕೆನ್ನೆಯ ಸೋಪಿನ ನೊರೆಯ ಮೇಲೆ.

ಮೇಷ್ಟರು ಕೊರಳಿನ ಬಟ್ಟೆ ಬಿಚ್ಚಿ, ಅದರಲ್ಲೇ ಮುಖ ಒರೆಸಿಕೊಂಡು ಎದ್ದರು. ಅವರಿಗೆ ದಾರಿ ಬಿಡಲು ತಿರುಗಿದ ಯಜಮಾನನಿಗೆ ಕನ್ನಡಿ ಎದುರಾಯಿತು. ಮುಂದೊಂದು ಕನ್ನಡಿ, ಬೆನ್ನಿಗೊಂದು. ಒಂದರೊಳಗೊಂದು ಸಾಲುಗಟ್ಟಿ ಹೋದ ಬಾಯಿಗಳು: ತೆರೆದಿದ್ದವು, ತುಟಿಯ ಮೂಲೆಯಲ್ಲಿ ಬಿಳಿ ನೊರೆ, ಹಳದಿ ಹಲ್ಲು, ಕಪ್ಪೆಯ ಹೊಟ್ಟೆಯಂತೆ ಅದುರುವ ನಾಲಿಗೆ. ಜೀವಮಾನವೆಲ್ಲ ಊರವರ ಮುಖಕ್ಕೆ ಕೈಹಾಕಿದವನು, ಹುಣ್ಣು, ಕಜ್ಜಿ, ಹೇನು ಎಲ್ಲ ಕಂಡು ಮೂಗು ಮುರಿಯದವನು, ಆ ಬಾಯಿ ಕಂಡು ವಾಕರಿಸಿದ. ಬಾಟಲಿ, ಬಾಚಣಿಗೆ, ಬ್ರಷ್ಷು, ಡಬ್ಬ ಎಲ್ಲ ಹಲಗೆಯಿಂದ ಕಾಲಡಿಗೆ ಬಿದ್ದದ್ದು ಆಗಲೇ. ಯಾರ ಮೊಣಕೈ ತಗುಲಿತೋ, ಇಬ್ಬರೂ ತನ್ನದಲ್ಲ ಎಂದರು.

ಆ ದಿನ ಊಟ ಸೇರಲಿಲ್ಲ. ಮೂಲೆಯ ಕೈತೊಳೆಯುವ ತೊಟ್ಟಿಯ ತೂತಿಗೆ ಸಿಕ್ಕಿಕೊಂಡ ಕೂದಲು, ಅದಕ್ಕೆ ಮೆತ್ತಿದ ಹಳೆಯ ಸೋಪು, ಅದನ್ನು ಬೆರಳಿಂದ ಎಳೆದು ತೆಗೆಯುವಾಗ ಅವನಿಗೆ ತಾನಾಡಿದ ಮಾತುಗಳೇ ಎಳೆಯೆಳೆಯಾಗಿ ಹೊರಬಂದಂತೆ ಅನ್ನಿಸಿತು. ಮನೆಗೆ ಹೋಗುವ ದಾರಿಯಲ್ಲಿ ತರಕಾರಿ ಗಾಡಿಯವನೂ ಲಾರಿ ಡ್ರೈವರನೂ ಒಬ್ಬರ ತಾಯಿಯನ್ನೊಬ್ಬರು ಬೀದಿಗೆಳೆಯುತ್ತಿದ್ದರು, ಸುತ್ತ ಜನ ಬಾಯಿ ಚಪ್ಪರಿಸುತ್ತ ನಿಂತಿದ್ದರು. ಮೊದಲಾಗಿದ್ದರೆ ಅವನೂ ನಿಲ್ಲುತ್ತಿದ್ದ. ಈಗ ಕೊಳೆತದ್ದನ್ನು ತುಳಿದವನಂತೆ ಬಿರಬಿರನೆ ನಡೆದ.

ಮರುದಿನ ಅಳಿಯ ಬಂದ. ಟವೆಲ್ಲು ಬಡಿಯುವುದರಲ್ಲಿ, ಕತ್ತರಿ ಕುಕ್ಕುವುದರಲ್ಲಿ ಬೈಗುಳವೆಲ್ಲ ಇತ್ತು. ಒಂದು ಮಾತು ಕೇಳಿದರೆ, "ತಾವು ಹೇಳಿದಂಗೇ ಆಗ್ಲಿ ಯಜಮಾನ್ರೇ" ಎಂದ. ಆ 'ತಾವು', ಆ 'ಯಜಮಾನ್ರೇ', ಗಟಾರಕ್ಕೆ ಅತ್ತರು ಚೆಲ್ಲಿದಂತೆ ನಾರಿತು. ಇದಕ್ಕಿಂತ ನಿನ್ನೆಯ ಎಂಜಲೇ ವಾಸಿ ಎಂದುಕೊಂಡ ಯಜಮಾನ.

ಗಿರಾಕಿ ಖಾಲಿಯಾದ ಹೊತ್ತು ನೋಡಿ ಷಟರ್ ಅರ್ಧ ಎಳೆದ. ಒಂದು ಕುರ್ಚಿಯಲ್ಲಿ ತಾನು ಕೂತ, ಪಕ್ಕದ್ದನ್ನು ತಟ್ಟಿದ.

"ಕೂತ್ಕೋ. ನನ್ನ ಕಡೆ ತಿರುಗಬೇಡ. ಕನ್ನಡೀಲಿ ನೋಡಿ ಮಾತಾಡು, ಗಿರಾಕಿ ಹತ್ರ ಆಡಲ್ವಾ, ಹಂಗೆ."

"ಇದೇನು ನಾಟಕ ಮಾವ?"

"ನಿನ್ನೆ ಆಡಿದ್ದು ನಾಟಕ. ಕೂತ್ಕೋ."

ಅಳಿಯ ಕೂತ. ಕನ್ನಡಿಯಲ್ಲಿ ಇಬ್ಬರ ಮುಖಗಳೂ ಪಕ್ಕಪಕ್ಕದಲ್ಲಿ ಬಂದವು. ಅವನನ್ನು ನೋಡಬೇಕಾದರೆ ಮೊದಲು ತನ್ನನ್ನು ನೋಡಬೇಕು.

"ನಿನ್ನಪ್ಪನ ಮಾತು ಎತ್ತಿದ್ದು ಹೊಲಸು ಕೆಲಸ," ಎಂದ ಯಜಮಾನ. "ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರಲ್ಲ, ಗೊತ್ತು. ಆದ್ರೂ ಹೇಳ್ತಿದೀನಿ."

ಅಳಿಯ ತನ್ನ ಮುಖವನ್ನೇ ನೋಡಿಕೊಂಡ. "ನಾನೂ ಅವಳ ಬಗ್ಗೆ ಹಂಗೆ ಅನ್ನಬಾರ್ದಿತ್ತು. ರಾತ್ರಿಯೆಲ್ಲ ಗೋಡೆ ಕಡೆ ತಿರುಗಿ ಮಲಗಿದ್ಲು." ಆಮೇಲೆ ಹೇಳಿದ, "ಬೆಂಚು ಒಂದು ನೆಪ ಮಾವ. ನಂಗೆ ಸ್ವಂತ ಅಂಗಡಿ ಬೇಕು. ಆ ಕಡೆ ಬೀದೀಲಿ ಒಂದು ಮಳಿಗೆ ನೋಡಿದೀನಿ."

ಯಜಮಾನನ ಹೊಟ್ಟೆಯಿಂದ 'ಉಂಡ ಮನೆಗೆ ಎರಡು ಬಗೆಯೋನೇ' ಎಂಬ ಮಾತು ಏರಿ ಬಂತು. ಎದುರಿನ ಕನ್ನಡಿಯಲ್ಲಿ ತನ್ನ ಮೂಗಿನ ಹೊಳ್ಳೆ ಅರಳಿತು, ಮೇಲಿನ ತುಟಿ ಸುರುಟಿತು, ಹಳದಿ ಹಲ್ಲು ಇಣುಕಿತು. ಅದೇ ಬಾಯಿ ತೆರೆದುಕೊಳ್ಳುವುದರಲ್ಲಿತ್ತು. ಅವನಿಗೆ ಹೇಸಿಗೆಯಾಯಿತು. ತುಟಿ ಮುಚ್ಚಿ, ಉಗುಳು ನುಂಗಿ, ಮುಖ ಮೊದಲಿನಂತಾಗುವವರೆಗೆ ಕಾದ.

"ನಂಗೆ ಒಪ್ಪಿಗೆ ಇಲ್ಲ," ಎಂದ. "ಇಬ್ರೂ ಬೇರೆ ಆದ್ರೆ ಇಬ್ರಿಗೂ ನಷ್ಟ. ನೀನು ದುಡುಕ್ತಿದೀಯ ಅನ್ನೋದೇ ನನ್ನ ಅಭಿಪ್ರಾಯ."

"ನಂಗೆ ಹಂಗೆ ಅನ್ನಿಸಲ್ಲ ಮಾವ."

"ಸರಿ. ನಿನ್ನ ಕೈ ನಿಂದು. ಸಾಲ ಮಾಡೋ ಮುಂಚೆ ಬಾಡಿಗೆ ಕರಾರು ನಂಗೊಂದ್ಸಲ ತೋರ್ಸು. ಆ ಮಳಿಗೆ ಮಾಲೀಕ ಕಳ್ಳ."

"ತೋರಿಸ್ತೀನಿ," ಎಂದ ಅಳಿಯ. ಒಬ್ಬರೂ ಒಪ್ಪಲಿಲ್ಲ, ಒಬ್ಬರೂ ಕೂಗಲಿಲ್ಲ. ಷಟರ್ ಎತ್ತಿದರು.

ಸ್ವಲ್ಪ ದಿನಕ್ಕೇ ಅಳಿಯ ಬೇರೆ ಬೀದಿಯಲ್ಲಿ ಅಂಗಡಿ ತೆರೆದ. ಹರೆಯದ ಗಿರಾಕಿಗಳೆಲ್ಲ ಅವನ ಬೆನ್ನಿಗೇ ಹೋದರು. ಯಜಮಾನನ ಗಳಿಕೆ ಅರ್ಧಕ್ಕಿಳಿಯಿತು. ತಾನೇ ತಿದ್ದಿದ್ದ ಕೈ, ಊರಿನಲ್ಲೇ ಒಳ್ಳೆಯ ಕೈ, ಅವನ ಅಂಗಡಿಯಿಂದ ಹೊರಟುಹೋಯಿತು. ಮಗಳು ಗಂಡನ ಜೊತೆ ಮಾತಾಡುತ್ತಾಳೆ, ಅಪ್ಪನ ಮನೆಗೂ ಬರುತ್ತಾಳೆ. ಎಲ್ಲ ಕಳೆದು ಉಳಿದದ್ದು ಅಷ್ಟು.